ಗದ್ದುಗೆಗೆ ಬೇಕಾದ ಕಿವಿ

ಸಾಂವಲ್ ಪತ್ತಣ, ಶಿಕಾರ್‌ಪುರದ ಹತ್ತಿರ, ಸಿಂಧ್
14 ನವೆಂಬರ್ 1949

ಅದಾ ಮೇಂಘರಾಜ್,

ಬಖ್ತಾವರ್ ಮಾಡುವ ಸಲಾಮು ಒಂದು, ಜಗಳ ನೂರು. ಅಲಿಫ್‌ನಿಂದ ಹಿಡಿದು ಕಾಗದ ಬರೆಯುವ ತನಕ ನನಗೆ ಕಲಿಸಿದವನು ನೀನು. ಅಣ್ಣನೆಂದು ಅದಾ ಅನ್ನಿಸಿಕೊಂಡವನೂ ನೀನೇ. ಈಗ ನೀನೇ ಬರೆಯದೆ ಕೂತರೆ ಕಲಿತ ಅಕ್ಷರವನ್ನು ನಾನು ಉಪ್ಪಿನಕಾಯಿ ಹಾಕಲೇ? ನೀವೆಲ್ಲ ರೈಲು ಹತ್ತಿ ಇದು ಎರಡನೆಯ ಚಳಿಗಾಲ. ತಲುಪಿದೆವು ಎಂಬ ಒಂದು ಕಾರ್ಡು ಬಂದದ್ದು ಬಿಟ್ಟರೆ ಸುದ್ದಿಯಿಲ್ಲ.

ಬಾಬಾರ ಎರಡೂ ಕಣ್ಣಿಗೆ ಪೊರೆ ಬಂದಿದೆ. ಸ್ವಂತ ಮಗಳನ್ನು ಹೆಜ್ಜೆ ಸಪ್ಪಳದಿಂದ ಗುರುತು ಹಿಡಿಯುತ್ತಾರೆ. ನಿನ್ನ ಪತ್ರ ಬಂದರೆ ನಾನೇ ಓದಿ ಹೇಳಬೇಕು, ಆದ್ದರಿಂದ ಗುಟ್ಟೇನಾದರೂ ಇದ್ದರೆ ಬರೆಯಬೇಡ. ಕೆಮ್ಮು ಇದೆ. ಊಟ ಅರ್ಧ ರೊಟ್ಟಿಗೆ ಇಳಿದಿದೆ.

ನಿಮ್ಮ ಮನೆಯಲ್ಲಿ ಅಜ್ಮೀರ್ ಕಡೆಯಿಂದ ಓಡಿಬಂದ ಮುಸ್ತಕೀಮ್ ಎಂಬವನ ಸಂಸಾರವಿದೆ. ನಿನ್ನ ತಾತನ ಬೈಠಕ್ಕಿನಲ್ಲಿ ಮೇಕೆ ಕಟ್ಟಿದ್ದಾರೆ. ಬೇಜಾರು ಮಾಡಿಕೊಳ್ಳಬೇಡ, ಮೇಕೆಗಳು ಸಾಧು. ಮುಸ್ತಕೀಮನೂ ಸಾಧುವೇ, ಆದರೆ ಪ್ರಶ್ನೆ ಜಾಸ್ತಿ. ಮೊನ್ನೆ ಬಂದು ಬಾಬಾರ ಕಾಲ ಬಳಿ ಕೂತು ಕೇಳಿದ, "ಸಾಯಿ ಸೋಬದಾರ್, ನೀವು ಈ ಗದ್ದುಗೆ ಒಡೆಯರು, ತಪ್ಪು ತಿಳೀಬೇಡಿ. ಇಲ್ಲಿ ಮಲಗಿರೋ ಸಾಂವಲ್ ಶಾಹ್ ನಮ್ಮೋರಾ, ಅವರೋರಾ?"

ಬಾಬಾ ಕೆಮ್ಮುವಷ್ಟು ನಕ್ಕರು. "ದೋಣಿಯವನಪ್ಪ ಅವನು. ಈ ದಡದವನೂ ಹೌದು, ಆ ದಡದವನೂ ಹೌದು."

ಆಮೇಲೆ ಇಡೀ ಕಥೆ ಹೇಳಿದರು. ಕಂದಾಯ ಕಟ್ಟಲಾಗದೆ ಓಡಿಹೋಗುತ್ತಿದ್ದ ರೈತರನ್ನು ಸಾಂವಲ್ ಸಿಂಧೂ ದಾಟಿಸಿದ್ದು, ನವಾಬನ ಜನ ಬಂದು ದಾಟಿದವರ ಹೆಸರು ಹೇಳು ಎಂದದ್ದು, ಅವನು "ನಾನು ಭಾರ ನೋಡ್ತೀನಿ, ಹೆಸರು ಕೇಳಲ್ಲ" ಎಂದದ್ದು. ಸೆರೆಮನೆಯಲ್ಲಿ ಅವನ ಪಕ್ಕ ಉಪ್ಪು ಮಾರುವ ಭೋಜೋ ಬಿದ್ದಿದ್ದ. ಬೆಳಗಾದರೆ ಸಾಂವಲನಿಗೆ ಸಾವು. ಸಾಂವಲ್ ತನ್ನ ಗುರುವಿನಿಂದ ಬಂದ ನಾಮವನ್ನು ಯಾರಿಗಾದರೂ ಕೊಡಲೇಬೇಕು, ಅದು ಬರೆಯುವಂಥದ್ದಲ್ಲ, ಬಾಯಿಂದ ಕಿವಿಗೆ ಮಾತ್ರ ಹೋಗುವಂಥದ್ದು. "ಕಿವಿ ಇಲ್ಲಿ ತಾ" ಅಂದ. ಭೋಜೋ ಹೆದರಿ, "ನಾನು ಹಿಂದೂ, ಸ್ವಾಮಿ" ಅಂದ. "ಇಲ್ಲಿ ಇನ್ಯಾರಿದಾರೆ? ನೀನೇ ತಾನೇ? ಹಾಗಾದ್ರೆ ನೀನೇ." ಬೆಳಗ್ಗೆ ಅವನ ದೋಣಿಯ ಹುಟ್ಟಿನಿಂದಲೇ ಅವನನ್ನು ಬಡಿದು ಕೊಂದರು. ಭೋಜೋ ಬದುಕಿ ಬಂದು ಗದ್ದುಗೆ ಕಟ್ಟಿಸಿದ, ಸಾಯುವಾಗ ನಾಮವನ್ನು ಒಬ್ಬ ಮುಸಲ್ಮಾನ ನೇಕಾರನ ಕಿವಿಗೆ ಹಾಕಿದ. ಅಂದಿನಿಂದ ಅದೇ ಕಟ್ಟಳೆ. ಹಿಂದೂವಿನ ನಂತರ ಮುಸಲ್ಮಾನ, ಮುಸಲ್ಮಾನನ ನಂತರ ಹಿಂದೂ.

ಮುಸ್ತಕೀಮ್ ಗಲ್ಲ ಕೆರೆದುಕೊಂಡ. "ನಿಮಗೆ ಯಾರು ಕೊಟ್ಟದ್ದು, ಸಾಯಿ?"

"ನೀನು ಮೇಕೆ ಕಟ್ಟಿದೀಯಲ್ಲ, ಆ ಬೈಠಕ್ಕಿನ ಯಜಮಾನ, ಭಗತ್ ಟೇಕಚಂದ್."

"ನಿಮ್ಮ ನಂತರ?"

"ಅವನ ಮೊಮ್ಮಗ. ಮೇಂಘು."

ಅದಕ್ಕೇ ಬರೆಯುತ್ತಿದ್ದೇನೆ. ರುಕ್ ಸ್ಟೇಷನ್ನಿನಲ್ಲಿ ಎಲ್ಲರೆದುರು ನಿನ್ನ ತಲೆಯ ಮೇಲೆ ಕೈಯಿಟ್ಟು "ನನ್ನ ನಂತರ ಇವನು" ಅಂದರಲ್ಲ, ಹಾಗೆ ಅಂದ ಮೇಲೆ ನೀನಾಗಿ ಬಿಟ್ಟುಕೊಡದ ಹೊರತು ಇನ್ನೊಬ್ಬರಿಗೆ ಕೊಡುವಂತಿಲ್ಲ. ಊರಿನಲ್ಲಿ ಹಿಂದೂಗಳು ಯಾರೂ ಉಳಿದಿಲ್ಲ. ನೀನು ಬಂದರೆ ನಾಮ ಉಳಿಯುತ್ತದೆ, ಬಾರದಿದ್ದರೆ ಬಾಬಾರ ಜೊತೆ ಮಣ್ಣಿಗೆ ಹೋಗುತ್ತದೆ. ಗಡಿ ದಾಟುವ ಪರ್ಮಿಟ್ ಮಾಡಿಸಿಕೊಂಡು ಬಾ. ಕೊಟ್ಟ ಮೇಲೆ ವಾಪಸ್ಸು ಹೋಗುವೆಯಂತೆ, ನಾನು ತಡೆಯುವುದಿಲ್ಲ.

ನಿನ್ನ ತಂಗಿ, ನಿನ್ನ ಅದೀ,
ಬಖ್ತಾವರ್


ಕಲ್ಯಾಣ್ ಕ್ಯಾಂಪ್
2 ಫೆಬ್ರವರಿ 1950

ಪ್ರೀತಿಯ ಅದೀ,

ನಿನ್ನ ಪತ್ರ ಓದಿ ಅತ್ತೆ. ಮೇಕೆಗಳ ವಿಷಯಕ್ಕಲ್ಲ, ಅವು ಸುಖವಾಗಿರಲಿ.

ನಾವಿರುವುದು ಯುದ್ಧದ ಕಾಲದಲ್ಲಿ ಸಿಪಾಯಿಗಳಿಗೆ ಕಟ್ಟಿದ ಉದ್ದನೆಯ ಬ್ಯಾರಕ್ಕು. ಸಂಸಾರಕ್ಕೂ ಸಂಸಾರಕ್ಕೂ ನಡುವೆ ಗೋಣಿಚೀಲದ ಗೋಡೆ. ನಿನ್ನ ಅತ್ತಿಗೆ ಜಮ್ನಾ ಹಪ್ಪಳ ಲಟ್ಟಿಸುತ್ತಾಳೆ, ನಾನು ಒಣಗಲು ಹಾಕಿ ಕಾಗೆ ಓಡಿಸುತ್ತೇನೆ. ಭಗತ್ ಟೇಕಚಂದರ ಮೊಮ್ಮಗ ಕಾಗೆ ಕಾಯುವ ಕೆಲಸಕ್ಕೆ ಬಂದ ಎಂದು ಬಾಬಾರಿಗೆ ಓದಿ ಹೇಳು, ನಗಲಿ. ನಾವಿಲ್ಲಿಗೆ ಬಂದ ವರ್ಷದ ಮಳೆಗಾಲದಲ್ಲಿ ನನಗೆ ದೊಡ್ಡ ಜ್ವರ ಬಂದಿತ್ತು, ಅದಕ್ಕೇ ಬರೆಯಲಾಗಲಿಲ್ಲ. ಈಗ ಗುಣವಾಗಿದೆ, ಚಿಂತೆಯಿಲ್ಲ.

ಇಲ್ಲಿ ನನಗೆ ಹೆಸರಿಲ್ಲ ಅದೀ, ಬ್ಯಾರಕ್ಕಿನ ನಂಬರು ಇದೆ. ಆದರೆ ಗುರುವಾರ ಮಾತ್ರ ಬೇರೆ. ನಮ್ಮ ಕಡೆಯ ಜನ ತಗಡಿನ ಚಪ್ಪರದ ಕೆಳಗೆ ಸೇರುತ್ತಾರೆ, ಸಾಂವಲನಿಂದ ಬಾಬಾರವರೆಗೆ ಎಲ್ಲ ಹೆಸರು ಹೇಳುತ್ತಾರೆ, ಆಮೇಲೆ ಎಲ್ಲರೂ ನನ್ನ ಕಡೆ ನೋಡುತ್ತಾರೆ. ಮುದುಕಿಯರು ನನ್ನ ಕಾಲು ಮುಟ್ಟುತ್ತಾರೆ. ಆ ಒಂದು ಹೊತ್ತು ನಾನು ಮನುಷ್ಯನಾಗಿರುತ್ತೇನೆ. ಇದನ್ನು ನಿನಗಲ್ಲದೆ ಯಾರಿಗೆ ಹೇಳಲಿ?

ಪರ್ಮಿಟ್‌ಗೆ ಅರ್ಜಿ ಹಾಕಿದ್ದೇನೆ. ಬೊಂಬಾಯಿಯ ಕಚೇರಿಗೆ ಹೋಗಿ ಬೆಳಗಿನಿಂದ ಕೂರುತ್ತೇನೆ, ಗುಮಾಸ್ತ ಹೆಸರು ಕೂಗುತ್ತಾನೆ, ನನ್ನ ಹೆಸರು ಕೂಗುವುದೇ ಇಲ್ಲ, ಸಂಜೆ ಬಾಗಿಲು ಹಾಕುತ್ತಾರೆ. ಹೋದಾಗಲೆಲ್ಲ ಇದೇ ಕಥೆ. ಆದರೂ ಬಿಡುವುದಿಲ್ಲ. ನನ್ನದನ್ನು ನನಗೇ ಇಟ್ಟಿರಲಿ ಎಂದು ಬಾಬಾರಿಗೆ ಹೇಳು.

ಬಾಬಾರ ದನಿ ಹೇಗಿದೆ? ಮೊದಲಿನಂತೆಯೇ ಇದೆಯೇ? ಚೆನ್ನಾಗಿ ವಿವರಿಸಿ ಬರೆ. ಆ ದನಿ ನೆನಪಿನಿಂದ ಜಾರುತ್ತಿದೆ ಎಂದು ಒಮ್ಮೊಮ್ಮೆ ದಿಗಿಲಾಗುತ್ತದೆ.

ನಿನ್ನ ಅದಾ,
ಮೇಂಘರಾಜ್


ಸಾಂವಲ್ ಪತ್ತಣ
20 ಏಪ್ರಿಲ್ 1950

ಅದಾ,

ಕಾಗೆಯ ವಿಷಯ ಓದಿದಾಗ ಬಾಬಾ ನಗಲಿಲ್ಲ. "ಪಾಪ, ನನ್ನ ಮೇಂಘು" ಎಂದು ಬಹಳ ಹೊತ್ತು ಗೋಡೆಯ ಕಡೆ ತಿರುಗಿ ಮಲಗಿದರು. ಇನ್ನು ಮೇಲೆ ತಮಾಷೆ ಬರೆಯುವಾಗ ನೋಡಿಕೊಂಡು ಬರೆ.

ದನಿ ಕೇಳಿದೆಯಲ್ಲ, ಹೇಳುತ್ತೇನೆ. ಮೊದಲು ಹಗೇವಿನೊಳಗಿಂದ ಬಂದಂತೆ ತುಂಬಿಕೊಂಡಿತ್ತು, ಈಗ ಸೋರಿದೆ. ಮಾತಿನ ಕೊನೆ ಗಾಳಿಯಾಗಿ ಹೋಗುತ್ತದೆ. ಹತ್ತಿರ ಹೋಗಿ ಬಾಯಿಗೆ ಕಿವಿ ಕೊಟ್ಟರೆ ಮಾತ್ರ ಪೂರ್ತಿ ಕೇಳುತ್ತದೆ. ಇದನ್ನು ಯಾಕೆ ಬರೆಯುತ್ತಿದ್ದೇನೆಂದರೆ, ಅದೂ ಎಷ್ಟು ದಿನ ಇರುತ್ತದೋ ತಿಳಿಯದು. ಬೇಗ ಬಾ. ಹೆಸರು ಕೂಗದಿದ್ದರೆ ನೀನೇ ಎದ್ದು ಹೋಗಿ ಕಿಟಕಿ ಬಡಿ. ನಿನ್ನಷ್ಟು ಸಂಕೋಚದ ಪ್ರಾಣಿಯನ್ನು ನಾನು ಕಂಡಿಲ್ಲ.

ಇಲ್ಲಿ ಒಂದು ಪ್ರಹಸನ ನಡೆಯಿತು. ಖಾಲಿ ಬಿದ್ದ ಮನೆಗಳನ್ನು ಬರೆದುಕೊಳ್ಳುವ ಅಧಿಕಾರಿ ಜೀಪಿನಲ್ಲಿ ಬಂದಿದ್ದ. ಗದ್ದುಗೆಯ ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು ಬಾಬಾರನ್ನು ಕೇಳಿದ, "ಸಾಯಿ, ಊರಲ್ಲಿ ಹಿಂದೂಗಳು ಯಾರಾದ್ರೂ ಉಳಿದಿದಾರಾ?"

ಬಾಬಾ, "ಇಲ್ಲಪ್ಪ, ಯಾರೂ ಇಲ್ಲ" ಅಂದರು. ನಾನೂ ಪರದೆಯ ಹಿಂದಿನಿಂದ, "ಒಬ್ಬರೂ ಇಲ್ಲ" ಅಂದೆ.

ಅಂಗಳ ಗುಡಿಸುತ್ತಿದ್ದ ಲಾಛಿ, ಊರಾಚೆಯ ಬಾಗ್ಡಿ ಕೇರಿಯ ಹೆಂಗಸು, ನಿನಗೆ ಗೊತ್ತಲ್ಲ, ಪೊರಕೆ ಹಿಡಿದುಕೊಂಡೇ ಹತ್ತಿರ ಬಂದು, "ನಾನಿದೀನಲ್ಲ ಸಾಯಿ" ಅಂದಳು.

ಅಧಿಕಾರಿ ನಕ್ಕ. ಎಲ್ಲರೂ ನಕ್ಕೆವು. ಮುಸ್ತಕೀಮ್, "ಹೋಗಮ್ಮ, ಅವರು ಕೇಳ್ತಿರೋದು ಹಿಂದೂಗಳನ್ನ" ಅಂದ. ಅವಳಿಗೆ ಸಿಟ್ಟು ಬಂತು. "ನಮ್ಮಪ್ಪ ಗೋಗಾ ದೇವರಿಗೆ ದೀಪ ಹಚ್ತಿದ್ದ, ನಾನೂ ಹಚ್ತೀನಿ. ನನ್ನ ಗಂಡನ್ನ ಸುಟ್ರು, ಹೂಳಲಿಲ್ಲ. ಹಾಗಾದ್ರೆ ನಾನ್ಯಾರು?" ಅಂತ ಅಂಗಳದ ನಡುವೆಯೇ ನಿಂತುಬಿಟ್ಟಳು. ನಾನು ಒಳಗೆ ಕರೆದು ಚಹಾ ಕೊಟ್ಟು ಸಮಾಧಾನ ಮಾಡಬೇಕಾಯಿತು.

ಗುರುವಾರ ಅಲ್ಲಿ ಯಾವ ಹಾಡು ಹೇಳುತ್ತೀರಿ? ತಂಬೂರಿ ಯಾರದು? ಬಾಬಾ ಕೇಳುತ್ತಿದ್ದಾರೆ.

ಬಖ್ತಾವರ್


ಕಲ್ಯಾಣ್ ಕ್ಯಾಂಪ್
3 ಜೂನ್ 1950

ಅದೀ,

ಲಾಛಿಯ ವಿಷಯ ಜಮ್ನಾಗೂ ಓದಲು ಕೊಟ್ಟೆ, ಇಬ್ಬರೂ ಕಣ್ಣಲ್ಲಿ ನೀರು ಬರುವ ತನಕ ನಕ್ಕೆವು. ಹಿಂದೂ ಅಂತೆ! ನಮ್ಮ ಹಿತ್ತಲಿನ ಬಾಗಿಲಿಂದ ಒಳಗೆ ಕಾಲಿಟ್ಟವಳಲ್ಲ. ನಮ್ಮಮ್ಮ ಅವಳಿಗೆ ಮೇಲಿನಿಂದ ನೀರು ಹೊಯ್ಯುತ್ತಿದ್ದದ್ದು ನೆನಪಾಯಿತು.

ಬಾಬಾರ ದನಿ ಸೋತಿದೆ ಎಂದು ಬರೆದಿದ್ದೀಯ. ನೀನು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ದನಿ ದೊಡ್ಡದೋ ಸಣ್ಣದೋ ಎಂಬುದು ಮುಖ್ಯವಲ್ಲ, ಗುರುವಿನ ಉಸಿರು ಶಿಷ್ಯನಿಗೆ ತಾಗಿದರೆ ಸಾಕು. ಹಿರಿಯರೂ ಹಾಗೇ ಹೇಳುತ್ತಾರಲ್ಲವೇ? ಬಾಬಾರನ್ನು ಕೇಳಿ ಬರೆ.

ಮಳೆ ಶುರುವಾಗಿದೆ. ಕಚೇರಿಗೆ ಮತ್ತೆ ಹೋಗಿದ್ದೆ. ಹೆಸರು ಕೂಗಲಿಲ್ಲ.

ಮೇಂಘರಾಜ್


ಸಾಂವಲ್ ಪತ್ತಣ
10 ಜುಲೈ 1950

ಅದಾ,

ಕೂತು ಓದು. ಇದು ಬಾಬಾ ಹೇಳಿ ಬರೆಸುತ್ತಿರುವ ಪತ್ರ, ನಡುವೆ ನನ್ನ ಮಾತೂ ಇದೆ.

ನಿನ್ನ ಪ್ರಶ್ನೆಗೆ ಮೊದಲು ಉತ್ತರ. ಉಸಿರು ತಾಗಿದರೆ ಸಾಲದಂತೆ. "ನಾಮ ಕಿವಿಗೆ ಬೀಳಬೇಕು, ಕೇಳಿದವನು ಅದನ್ನ ಮನಸ್ಸಲ್ಲೇ ತಿರುಗಿ ಹೇಳ್ಕೋಬೇಕು. ಉಸಿರಂತೆ! ಮೇಂಘುಗೆ ಯಾರು ಹೇಳಿದ್ರು ಇದನ್ನ?" ಎಂದು ಕೇಳಿದರು. ನಿನಗೆ ಯಾಕೆ ಇಂಥ ಪ್ರಶ್ನೆ ಬಂತೋ ನನಗೂ ತಿಳಿಯಲಿಲ್ಲ.

ಈಗ ನಿಜವಾದ ವಿಷಯ. ಲಾಛಿಯ ಮಾತಿಗೆ ನಾವೆಲ್ಲ ನಕ್ಕೆವಲ್ಲ, ಬಾಬಾ ನಕ್ಕಿರಲಿಲ್ಲ. ಆಗ ನಾನು ಗಮನಿಸಲಿಲ್ಲ. ಅಂದಿನಿಂದ ಅದನ್ನೇ ಮೆಲುಕು ಹಾಕುತ್ತಿದ್ದಾರೆ. ಹೋದ ವಾರ ಅವಳು ನೀರು ಕೊಡಲು ಬಂದಾಗ ಅವಳ ಕೈ ಹಿಡಿದು ಕೂರಿಸಿಕೊಂಡರು.

"ಲಾಛಿ, ನೀನು ಇಲ್ಲಿ ಗುಡಿಸೋಕೆ ಶುರು ಮಾಡಿ ಎಷ್ಟು ಕಾಲ ಆಯ್ತೇ?"

"ನಿಮ್ಮ ಗಡ್ಡ ಕಪ್ಪಿತ್ತು ಸಾಯಿ, ಆವಾಗಿಂದ."

"ಎಲ್ಲ ಹೋದ್ರಲ್ಲ, ನೀನ್ಯಾಕೆ ರೈಲು ಹತ್ತಲಿಲ್ಲ?"

"ಹತ್ತು ಅಂತ ಯಾರಂದ್ರು ನನಗೆ? ಸೇಠುಗಳು ಸಾಮಾನು ಹೊರಿಸ್ಕೊಂಡ್ರು. ರೈಲು ಹೋದ್ಮೇಲೆ ನಾನು ವಾಪಸ್ಸು ಬಂದು ಅಂಗಳ ಗುಡಿಸಿದೆ. ಕಸ ಬಹಳ ಇತ್ತು ಅವತ್ತು."

ಬಾಬಾ ಅವಳು ಹೋದ ಮೇಲೆ ಚಿಕ್ಕ ಮಗುವಿನಂತೆ ಅತ್ತರು. "ಇವಳ ಕೈ ನೀರು ಕುಡ್ಕೊಂಡೇ ಊರಲ್ಲಿ ಹಿಂದೂ ಇಲ್ಲ ಅಂದ್ನಲ್ಲೇ ಬಖ್ತಾವರ್. ನನ್ನ ಕಣ್ಣು ಈಗ ಹೋದದ್ದಲ್ಲ. ಸಾಂವಲ್ ಏನು ಹಿಂದೂನ ಹುಡುಕ್ಕೊಂಡು ಹೋಗಿದ್ನಾ? ಪಕ್ಕದಲ್ಲಿದ್ದವನಿಗೆ ಕೊಟ್ಟ. ಅದನ್ನ ಕಟ್ಟಳೆ ಮಾಡಿದೋರು ನಾವು. ಆಯ್ತು, ಕಟ್ಟಳೆ ಪ್ರಕಾರಾನೇ ನೋಡಿದ್ರೂ ಇವಳು ಸರಿಯಾಗೇ ಇದಾಳೆ. ಆದ್ರೆ ಮೇಂಘುಗೆ ಮಾತು ಕೊಟ್ಟಿದೀನಿ. ಅವನು ಬಿಡಿಸದೆ ನಾನು ಬಾಯಿ ಬಿಡೋ ಹಾಗಿಲ್ಲ. ಬರೆ ಅವನಿಗೆ. ಉರುಸಿನೊಳಗೆ ಬರೋದಾದ್ರೆ ಬಾ ಅನ್ನು, ಆಗದಿದ್ರೆ ನಾನು ಬಿಟ್ಟೆ ಅಂತ ಒಂದು ಸಾಲು ಬರೆದು ಕಳಿಸು ಅನ್ನು. ಸಾಕು."

ಇಷ್ಟು ಬಾಬಾರದು. ಇನ್ನು ನನ್ನದು. ನನಗೆ ಇದು ಹಿಡಿಸಲಿಲ್ಲ ಅದಾ, ಸುಳ್ಳು ಹೇಳುವುದಿಲ್ಲ. ಮದುವೆ ಬಿಟ್ಟು, ಹರೆಯ ಬಿಟ್ಟು ಈ ಗದ್ದುಗೆಗೆ ಎಣ್ಣೆ ಹಾಕಿದವಳು ನಾನು. ಮುಸಲ್ಮಾನನ ಮಗಳಾಗಿ ಹುಟ್ಟಿದ್ದಕ್ಕೆ ನನಗಿಲ್ಲ, ಪೊರಕೆ ಹಿಡಿದವಳಿಗೆ ಉಂಟು! ಎರಡು ದಿನ ಅವಳಿಗೆ ಚಹಾ ಕೊಡಲಿಲ್ಲ. ಆದರೆ ಬಾಬಾ ದಿನದಿಂದ ದಿನಕ್ಕೆ ಕರಗುತ್ತಿದ್ದಾರೆ. ನಾಮ ಸಾಯುವುದಕ್ಕಿಂತ ಯಾರದೋ ಕಿವಿಯಲ್ಲಿ ಇರುವುದು ಮೇಲು. ಬರುವುದಾದರೆ ಬಾ, ಇಲ್ಲವಾದರೆ ಆ ಸಾಲು ಬರೆ. ಉರುಸು ಸೆಪ್ಟೆಂಬರ್ ಕೊನೆಗೆ.

ಬಖ್ತಾವರ್


ಕಲ್ಯಾಣ್ ಕ್ಯಾಂಪ್
8 ಆಗಸ್ಟ್ 1950

ಬಖ್ತಾವರ್,

ನಿನ್ನ ಪತ್ರ ಬಂತು. ಬಾಬಾರಿಗೆ ವಯಸ್ಸಾಗಿದೆ, ಜ್ವರದಲ್ಲಿ ಮಾತಾಡಿರಬಹುದು. ಅದನ್ನು ಹಾಗೇ ಬರೆದು ಕಳಿಸುವ ಮೊದಲು ನೀನಾದರೂ ಯೋಚಿಸಬೇಕಿತ್ತು.

ಭೋಜೋ ಉಪ್ಪಿನ ವ್ಯಾಪಾರಿ. ಜಾತಿವಂತ. ನನ್ನ ತಾತ ಟೇಕಚಂದ್ ಪಾರಸಿ ಓದಿದವರು. ಈ ಸರಪಳಿಯಲ್ಲಿ ಒಂದು ಕೊಂಡಿಯೂ ಹಗುರವಲ್ಲ. ಅದಕ್ಕೆ ಕಸ ಗುಡಿಸುವವಳನ್ನು ಸೇರಿಸಿದರೆ ಇಲ್ಲಿ ಚಪ್ಪರದ ಕೆಳಗೆ ಕೂರುವವರಿಗೆ ನಾನು ಏನು ಹೇಳಲಿ? ಮನೆ ಹೋಯಿತು, ಹೊಲ ಹೋಯಿತು, ಊರು ಹೋಯಿತು. ಇದೊಂದು ಉಳಿದಿದೆ ಎಂದು ಅವರು ನನ್ನ ಮುಖ ನೋಡುತ್ತಾರೆ. ಇದೂ ಹೋಗಿ ಲಾಛಿಗೆ ಸಿಕ್ಕಿತು ಅನ್ನಲೇ? ಅವಳಾದರೂ ಅದನ್ನು ಇಟ್ಟುಕೊಂಡು ಏನು ಮಾಡುತ್ತಾಳೆ? ಪೊರಕೆಗೆ ಕಟ್ಟಿಕೊಳ್ಳುತ್ತಾಳೆಯೇ?

ನಾನು ಬಿಡುವುದಿಲ್ಲ. ಇದನ್ನು ಬಾಬಾರಿಗೆ ಸ್ಪಷ್ಟವಾಗಿ ಓದಿ ಹೇಳು. ಪರ್ಮಿಟ್ ಆಗುತ್ತಿದೆ. ಉರುಸಿಗೆ ಮೊದಲು ನಾನು ಅಲ್ಲಿರುತ್ತೇನೆ. ಅಲ್ಲಿಯವರೆಗೆ ಬಾಬಾ ಯಾರಿಗೂ ಬಾಯಿ ಬಿಡಬಾರದು. ರುಕ್ ಸ್ಟೇಷನ್ನಿನಲ್ಲಿ ಕೊಟ್ಟ ಮಾತು ನೆನಪಿರಲಿ.

ಮೇಂಘರಾಜ್


ಸಾಂವಲ್ ಪತ್ತಣ
30 ಅಕ್ಟೋಬರ್ 1950

ಅದಾ,

ಬಾಬಾ ಹೋದರು. ಉರುಸಿನ ದೀಪಗಳನ್ನು ಇಳಿಸಿದ ಮರುದಿನ ಮಧ್ಯಾಹ್ನ. ಬರೆಯಲು ಇಷ್ಟು ದಿನ ನನಗೆ ಕೈ ಬರಲಿಲ್ಲ.

ನಿನ್ನ ಆಗಸ್ಟ್‌ನ ಪತ್ರವನ್ನು ನಾನು ಪೂರ್ತಿ ಓದಿದೆ. ಒಂದು ಸಾಲನ್ನೂ ಬಿಡಲಿಲ್ಲ. ಬಿಡಬಹುದಿತ್ತು. ಅವರಿಗೆ ಕಣ್ಣಿರಲಿಲ್ಲ, ನಾನು ಓದಿದ್ದೇ ಪತ್ರ. "ಮೇಂಘು ಬಿಟ್ಟುಕೊಟ್ಟಿದ್ದಾನೆ ಬಾಬಾ" ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ನಾಲಿಗೆಯ ತುದಿಗೂ ಬಂದಿತ್ತು. ನೀನು ಬಂದೇ ಬರುತ್ತೀಯ ಎಂದು ನಂಬಿದ್ದೆ. ನನಗೆ ಸಿಗದದ್ದು ಲಾಛಿಗೂ ಬೇಡ ಎಂಬ ಸಂಕಟವೂ ಒಳಗೆ ಇತ್ತು. ಎರಡರಲ್ಲಿ ಯಾವುದು ಹೆಚ್ಚಿತ್ತು ಎಂದು ಈಗ ಅಳೆಯಲು ಹೋದರೆ ಹುಚ್ಚು ಹಿಡಿಯುತ್ತದೆ.

ಬಾಬಾ ಪತ್ರ ಕೇಳಿ, "ಸರಿ. ಅವನಿಗೆ ಅದೊಂದೇ ಉಳಿದಿದೆಯಂತೆ. ಕಾಯೋಣ" ಅಂದರು.

ಉರುಸಿನ ದಿನ ಬೆಳಗ್ಗೆಯೇ ಸ್ನಾನ ಮಾಡಿಸಿಕೊಂಡು, ನಿಲುವಂಗಿ ಹಾಕಿಕೊಂಡು, ಬಾಗಿಲಿಗೆ ಮುಖ ಮಾಡಿ ಕೂತರು. ಯಾರು ಒಳಗೆ ಬಂದರೂ "ಮೇಂಘುನಾ?" ಅನ್ನುತ್ತಿದ್ದರು. ಜನ ಮೊದಮೊದಲು "ಇನ್ನೂ ಇಲ್ಲ ಸಾಯಿ" ಅನ್ನುತ್ತಿದ್ದರು, ಆಮೇಲೆ ಉತ್ತರ ಕೊಡಲು ಸಂಕಟವಾಗಿ ಬಾಗಿಲಿನಿಂದಲೇ ಕೈ ಮುಗಿದು ಹೋದರು. ಸಂಜೆಗೆ ನಾನೇ ಎತ್ತಿ ಮಲಗಿಸಿದೆ. ಹಗುರವಾಗಿದ್ದರು.

ಮರುದಿನ ಉಸಿರು ಮೇಲಕ್ಕೆ ಹತ್ತಿತು. ನಾನು ಹಕೀಮನನ್ನು ಕರೆತರಲು ಹೇಳಿ ಒಳಗೆ ಬರುವಷ್ಟರಲ್ಲಿ ಲಾಛಿ ಅವರ ತಲೆಯನ್ನು ತೋಳಿನ ಮೇಲೆ ಎತ್ತಿಕೊಂಡು ನೀರು ಹಿಡಿದಿದ್ದಳು. ಬಾಬಾರ ತುಟಿ ಅವಳ ಕಿವಿಗೆ ತಾಗುವಷ್ಟು ಹತ್ತಿರವಿತ್ತು. ತುಟಿ ಅಲುಗಿತು. ನಾನು ಬಾಗಿಲಲ್ಲೇ ನಿಂತೆ ಅದಾ. ಕೊಡಲಿ, ಕೊಟ್ಟುಬಿಡಲಿ ಎಂದು ಸಾಂವಲನನ್ನು ಬೇಡಿಕೊಂಡೆ, ಆ ಹೊತ್ತಿಗೆ ನನ್ನ ಹೊಟ್ಟೆಕಿಚ್ಚು ಎಲ್ಲ ಸತ್ತುಹೋಗಿತ್ತು.

ಬಾಬಾ ಮುಖವನ್ನು ಆಚೆಗೆ ತಿರುಗಿಸಿಕೊಂಡರು. ಬಹಳ ಕಷ್ಟಪಟ್ಟು ತಿರುಗಿಸಿದರು, ಕತ್ತಿನ ನರ ಬಿಗಿದುಕೊಂಡದ್ದು ನನಗೆ ಕಾಣಿಸಿತು. ಹಲ್ಲು ಕಚ್ಚಿದರು. ಹಾಗೇ ಹೋದರು. ಬಾಯಿ ಬಿಡಿಸಿ ಕೊನೆಯ ನೀರು ಹಾಕಲೂ ನಮಗೆ ಆಗಲಿಲ್ಲ.

ನೀನು ಯಾಕೆ ಬರಲಿಲ್ಲ? ಸಿಟ್ಟಿನಿಂದ ಕೇಳುತ್ತಿಲ್ಲ. ಏನಾಯಿತು ಎಂದು ಹೇಳು, ನಾನು ಕೇಳಿಸಿಕೊಳ್ಳುತ್ತೇನೆ. ದಾರಿಯಲ್ಲಿ ತಡೆದರೇ? ಕಾಯಿಲೆಯೇ? ಏನೇ ಇದ್ದರೂ ಹೇಳು.

ಬಖ್ತಾವರ್


ಕಲ್ಯಾಣ್ ಕ್ಯಾಂಪ್
19 ಡಿಸೆಂಬರ್ 1950

ತಂಗಿ ಬಖ್ತಾವರ್‌ಗೆ ಆಶೀರ್ವಾದಗಳು.

ಬಾಬಾ ದೇಹ ಬಿಟ್ಟದ್ದು ನನಗೆ ನಿನ್ನ ಪತ್ರಕ್ಕೂ ಮೊದಲೇ ತಿಳಿದಿತ್ತು. ಉರುಸಿನ ಮರುದಿನ ಕನಸಿನಲ್ಲಿ ಬಂದರು. ನಿಲುವಂಗಿ ತೊಟ್ಟಿದ್ದರು. ನನ್ನ ಬಲಗಿವಿಗೆ ಬಾಗಿ ನಾಮ ಕೊಟ್ಟರು. ದನಿ ಸೋತಿರಲಿಲ್ಲ, ಮೊದಲಿನಂತೆಯೇ ತುಂಬಿಕೊಂಡಿತ್ತು. ಆದ್ದರಿಂದ ನೀನು ದುಃಖಪಡುವ ಕಾರಣವಿಲ್ಲ, ಸರಪಳಿ ಕಡಿದಿಲ್ಲ.

ಇಲ್ಲಿಯ ಹಿರಿಯರು ಕನಸಿನ ಸಂಗತಿ ತಿಳಿದು ನನಗೆ ಪೇಟ ಸುತ್ತಿದರು. ಗುರುವಾರ ಬಾಬಾರ ಹೆಸರಿನ ನಂತರ ನನ್ನ ಹೆಸರನ್ನು ಹೇಳುತ್ತಾರೆ. ಅಲ್ಲಿಯೂ ಹಾಗೇ ಹೇಳಿಸು. ಬಾಬಾರ ನಿಲುವಂಗಿಯನ್ನು ನಂಬಿಕೆಯ ಜನರ ಕೈಯಲ್ಲಿ ಕಳಿಸಿಕೊಡು, ಅದು ಈಗ ಇಲ್ಲಿರಬೇಕಾದದ್ದು.

ಪರ್ಮಿಟ್ ವಿಷಯ ಕೇಳಿದ್ದೀಯ. ಆ ದಿನವೂ ಕಚೇರಿಯಲ್ಲೇ ಇದ್ದೆ. ನನ್ನ ಹೆಸರು ಕೂಗಲಿಲ್ಲ.

ಸಾಯಿ ಮೇಂಘರಾಜ್


ಸಾಂವಲ್ ಪತ್ತಣ
5 ಮಾರ್ಚ್ 1951

ಸಾಯಿ ಮೇಂಘರಾಜರಿಗೆ,

ನಿಮ್ಮ ಡಿಸೆಂಬರಿನ ಪತ್ರ ತಲುಪಿದೆ. ಉತ್ತರ ತಡವಾಯಿತು. ಮುಸ್ತಕೀಮ್ ವಾಪಸ್ಸು ಬರಲಿ ಎಂದು ಕಾಯುತ್ತಿದ್ದೆ.

ಅವನು ಗಡಿಯಾಚೆ ಉಳಿದಿದ್ದ ತಾಯಿಯನ್ನು ಕರೆತರಲು ಹೋಗಿದ್ದ. ಬೊಂಬಾಯಿಯ ತನಕವೂ ಹೋಗುವುದಿದೆ ಎಂದಾಗ ನಿಮಗೆಂದು ಒಂದು ಜಾಡಿ ಉಪ್ಪಿನಕಾಯಿ ಕೊಟ್ಟು ಕಳಿಸಿದ್ದೆ. ಕೊಟ್ಟೆ ಎಂದು ಹೇಳಿದ. ನಿಮ್ಮನ್ನು ಬಹಳ ಹೊಗಳಿದ. "ಎಂಥ ಒಳ್ಳೆ ಮನುಷ್ಯ ಬೀಬಿ! ಅವರ ಮನೇಲಿ ನಾನಿದೀನಿ ಅಂತ ಗೊತ್ತಿದ್ರೂ ಒಂದು ಬಿರುಸು ಮಾತಿಲ್ಲ. ಪಾಪ, ಬಾಗಿಲಲ್ಲಿ ನಿಂತು ನಾನು ಗಂಟಲು ಹರ್ಕೊಂಡೆ, ತಿರುಗಿ ನೋಡ್ಲಿಲ್ಲ. ಆಮೇಲೆ ಅವರ ಹೆಂಡ್ತಿ ಬಂದು ಸ್ಲೇಟು ಕೊಟ್ರು, ಇದ್ರಲ್ಲಿ ಬರೀರಿ ಅಂತ. ಬಂದ ವರ್ಷಾನೇ ಜ್ವರ ಬಂದು ಎರಡೂ ಕಿವಿ ಹೋಯ್ತಂತೆ. ಗುಡುಗು ಹೊಡೆದ್ರೂ ತಿಳಿಯಲ್ವಂತೆ. ನಿಮಗೆ ಗೊತ್ತಿರ್ಲಿಲ್ವಾ?"

ಗೊತ್ತಿತ್ತು ಎಂದು ಹೇಳಿದೆ. ಅವನೆದುರು ನಿಮ್ಮ ಮಾನ ಉಳಿಸಿದೆ.

ಬಂದ ವರ್ಷವೇ ಎಂದರೆ ನನ್ನ ಮೊದಲ ಪತ್ರಕ್ಕಿಂತ ಮುಂಚೆ. ಹಾಗಾದರೆ ಬರುತ್ತೇನೆ ಎಂದಾಗಲೆಲ್ಲ ನಿಮಗೆ ತಿಳಿದಿತ್ತು, ಬಂದರೂ ಉಪಯೋಗವಿಲ್ಲ ಎಂದು. ಬಿಡುವುದಿಲ್ಲ ಎಂದು ಬರೆದಾಗಲೂ ತಿಳಿದಿತ್ತು. ಕಚೇರಿಯಲ್ಲಿ ಅವರು ನಿಮ್ಮ ಹೆಸರನ್ನು ಕೂಗಿರಬೇಕು, ಎಷ್ಟೋ ಸಲ ಕೂಗಿರಬೇಕು. ನೀವು ಅಲ್ಲೇ ಬೆಂಚಿನ ಮೇಲೆ ಕೂತಿದ್ದಿರಿ. ಒಂದು ಸಾಲು ಬರೆದಿದ್ದರೆ ಸಾಕಿತ್ತು. ಕಿವುಡಾದೆ ಎಂದು ಬರೆದಿದ್ದರೆ ಬಾಬಾ ನಿಮಗಾಗಿ ಅಳುತ್ತಿದ್ದರು, ನಿಮ್ಮನ್ನು ಸಣ್ಣವರಾಗಿ ನೋಡುತ್ತಿರಲಿಲ್ಲ.

ನಿಮ್ಮನ್ನು ದ್ವೇಷಿಸಲು ಪ್ರಯತ್ನಪಟ್ಟೆ. ಬಾಬಾರ ದನಿ ಹೇಗಿದೆ, ವಿವರಿಸಿ ಬರೆ ಎಂದು ಕೇಳಿದ ಆ ಪತ್ರ ಕೈಗೆ ಸಿಕ್ಕಿ ಅದೂ ಪೂರ್ತಿ ಆಗಲಿಲ್ಲ.

ನಿಲುವಂಗಿಯನ್ನು ಕಳಿಸಲಾರೆ, ಅದು ಅವರೊಂದಿಗೆ ಮಣ್ಣಾಗಿದೆ. ಹೆಸರಿನ ವಿಷಯ. ಇಲ್ಲಿಯ ಶಿಷ್ಯರಲ್ಲಿ ಬಹಳ ಜಗಳವಾಯಿತು. ಗದ್ದುಗೆಗೆ ಒಡೆಯನಿಲ್ಲವೆಂದರೆ ಯಾರಾದರೂ ಬೀಗ ಹಾಕುತ್ತಾರೆ ಎಂದು ಕೆಲವರು, ಕನಸನ್ನು ನಂಬಿ ಕೊಂಡಿ ಸೇರಿಸಬಾರದು ಎಂದು ಕೆಲವರು. ಕೊನೆಗೆ ನನ್ನನ್ನೇ ಕೇಳಿದರು. ಹೇಳಿ ಎಂದೆ. ಬಾಬಾ ಹಲ್ಲು ಕಚ್ಚಿ ಸತ್ತದ್ದು ನಿಮ್ಮ ಹೆಸರಿಗಾಗಿ, ಅದನ್ನು ಈಗ ಬಿಟ್ಟರೆ ಅವರು ಏತಕ್ಕೆ ಸತ್ತಂತಾಯಿತು? ಆದ್ದರಿಂದ ಗುರುವಾರ ಸಾಂವಲನಿಂದ ಶುರುಮಾಡಿ ನಿಮ್ಮ ಹೆಸರಿನ ತನಕ ಹೇಳುತ್ತಾರೆ. ನಿಮ್ಮ ನಂತರ ಯಾರೂ ಇಲ್ಲ. ನೀವು ಕೊಡಲು ನಿಮ್ಮ ಹತ್ತಿರ ಏನೂ ಇಲ್ಲ ಎಂಬುದು ನನಗೂ ನಿಮಗೂ ಮಾತ್ರ ಗೊತ್ತು. ಚಪ್ಪರದ ಕೆಳಗಿನ ಮುದುಕಿಯರಿಗೆ ನಾನು ಹೇಳುವುದಿಲ್ಲ. ಅವರು ಕಾಲು ಮುಟ್ಟುವಾಗ ನೀವೇ ಹೇಗೆ ಸಹಿಸುತ್ತೀರೋ ಸಹಿಸಿ.

ಇನ್ನು ನನಗೆ ಬರೆಯಬೇಡಿ.

ಒಂದು ಮಾತು ನಿಮಗೆ ಹೇಳದೆ ಮುಗಿಸಲಾರೆ, ಬೇರೆ ಯಾರಿಗೂ ಹೇಳುವಂತಿಲ್ಲ. ಮೊನ್ನೆ ಲಾಛಿ ಅಂಗಳ ಗುಡಿಸುವುದನ್ನು ನಡುವೆ ನಿಲ್ಲಿಸಿ ನನ್ನ ಹತ್ತಿರ ಬಂದು ಕೂತಳು.

"ಬೀಬಿ, ಒಂದು ಕೇಳ್ಲಾ? ಸಾಯಿ ಹೋಗುವಾಗ ನನಗೆ ಏನೋ ಹೇಳೋದಿತ್ತು ಅನ್ಸುತ್ತೆ. ತುಟಿ ಅಲ್ಲಾಡ್ತು. ಆಮೇಲೆ ಯಾಕೋ ಮುಖ ತಿರುಗಿಸ್ಕೊಂಡ್ರು. ನನ್ನಿಂದ ಏನಾದ್ರೂ ತಪ್ಪಾಯ್ತಾ? ಬಾಯಿ ವಾಸನೆ ಬಂತಾ ನನ್ನದು?"

"ಇಲ್ಲ ಲಾಛಿ, ನಿನ್ನದೇನೂ ತಪ್ಪಿಲ್ಲ. ಅವರು ನೀರು ಕೇಳ್ತಿದ್ರು" ಅಂದೆ.

ಅವಳು ತನ್ನ ಕೈಗಳನ್ನು ನೋಡಿಕೊಂಡಳು.

"ನೀರು ನನ್ನ ಕೈಯಲ್ಲೇ ಇತ್ತಲ್ಲ ಬೀಬಿ" ಅಂದಳು. "ತುಟಿಗೇ ಹಿಡಿದಿದ್ದೆ. ಕುಡೀಲಿಲ್ಲ."

ಬಖ್ತಾವರ್